ಪ್ಲುಂಗೆ ದ್ವಾರಸ್: ಲಿಥುವೇನಿಯಾದ ಒಂದು ದೊಡ್ಮನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲುಂಗೆಗೆ ಹೋಗಿದ್ದೆ ಅಂದರೆ ಸಾಕು, ಮೊದಲು ಬರುವ ಪ್ರಶ್ನೆ "ಅದೆಲ್ಲಿದೆ?" ಎರಡನೆಯದು "ಅಲ್ಲೇನಿದೆ?" ಅಲ್ಲಿರುವುದು ಒಂದು ಹಳೇ ಮನೆ, ಒಂದು ಪಾರ್ಕು, ಒಂದು ಗಡಿಯಾರದ ಗೋಪುರ. ಇಷ್ಟು ಹೇಳಿ ಸುಮ್ಮನಾದರೆ ಯಾರೂ ಬಿಡುವುದಿಲ್ಲ. ಹಾಗಾಗಿ ಈವರೆಗೆ ಕೇಳಿಸಿಕೊಂಡ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕಿದ್ದೇನೆ.

ಪ್ಲುಂಗೆ ಎಲ್ಲಿದೆ?

ಲಿಥುವೇನಿಯಾದ ವಾಯವ್ಯ ಮೂಲೆಯಲ್ಲಿ. ಬಾಲ್ಟಿಕ್ ಸಮುದ್ರ ತೀರದಿಂದ ಸ್ವಲ್ಪ ಒಳಗೆ, ಬಬ್ರುಂಗಾಸ್ ಅನ್ನುವ ಚಿಕ್ಕ ಹೊಳೆಯ ದಂಡೆಯಲ್ಲಿ. ರಾಜಧಾನಿ ವಿಲ್ನಿಯಸ್‌ನಿಂದ ಸುಮಾರು 300 ಕಿ.ಮೀ. ದೂರ. ಈ ಸೀಮೆಯ ಹೆಸರು ಝೆಮೈತಿಯಾ. ಇಲ್ಲಿನವರ ಮಾತಿನ ಧಾಟಿಯೇ ಬೇರೆ. ವಿಲ್ನಿಯಸ್ ಕಡೆಯವರಿಗೆ ಅದು ಸರಿಯಾಗಿ ಅರ್ಥವಾಗುವುದಿಲ್ಲ. ಝೆಮೈತಿಯಾದವರು ಹಟಮಾರಿಗಳು ಅಂತ ದೇಶಕ್ಕೆಲ್ಲ ಹೆಸರು. ಅದಕ್ಕೆ ಕಾರಣವೂ ಇದೆ: ಯುರೋಪಿನಲ್ಲಿ ಕ್ರೈಸ್ತ ಮತಕ್ಕೆ ಸೇರಿದ ಕೊನೆಯ ಸೀಮೆ ಇದೇ. ಉಳಿದ ಲಿಥುವೇನಿಯಾ 1387ರಲ್ಲಿ ದೀಕ್ಷೆ ತೆಗೆದುಕೊಂಡರೆ, ಇವರ ಸರದಿ ಬಂದದ್ದು 1413ರಲ್ಲಿ.

"ದ್ವಾರಸ್" ಅಂದರೆ ಅರಮನೆಯಾ, ಜಮೀನ್ದಾರರ ಮನೆಯಾ?

ಎರಡರ ನಡುವೆ. ಲಿಥುವೇನಿಯನ್ ಭಾಷೆಯಲ್ಲಿ ದ್ವಾರಸ್ ಅಂದರೆ ಬರೀ ಮನೆ ಅಲ್ಲ, ಇಡೀ ಸಂಸ್ಥಾನ. ಯಜಮಾನರ ದೊಡ್ಡ ಮನೆ, ಕುದುರೆ ಲಾಯ, ಕಣಜ, ಗಿರಣಿ, ಆಳುಗಳ ಮನೆ, ತೋಟ, ಕೊಳ, ಹೊಲ, ಕಾಡು ಎಲ್ಲ ಸೇರಿ ಒಂದು ದ್ವಾರಸ್. ನಮ್ಮಲ್ಲಿ ದಕ್ಷಿಣ ಕನ್ನಡದ ಗುತ್ತಿನ ಮನೆಯನ್ನೋ ಉತ್ತರ ಕರ್ನಾಟಕದ ವಾಡೆಯನ್ನೋ ನೋಡಿದವರಿಗೆ ಅರ್ಧ ಅಂದಾಜು ಸಿಗಬಹುದು. ಪೂರ್ತಿ ಅಲ್ಲ. ಯಾಕೆಂದರೆ ಅಲ್ಲಿ ರೈತರು 1861ರವರೆಗೆ ಜೀತದವರು. ಜಮೀನಿನ ಜೊತೆಗೆ ಅವರೂ ಯಜಮಾನರ ಲೆಕ್ಕಕ್ಕೆ ಸೇರಿದವರು.

ಹೆಸರು ಕೇಳಿದ ತಕ್ಷಣ ನಿಮಗೆ "ದ್ವಾರ" ನೆನಪಾಗಿರಬೇಕು, ಅಲ್ವಾ? ಸುಮ್ನೆ ಕಿವಿಗೆ ಹಾಗೆ ಕೇಳಿಸುವುದಲ್ಲ. ಲಿಥುವೇನಿಯನ್ ದ್ವಾರಸ್, ಸಂಸ್ಕೃತದ ದ್ವಾರ ಎರಡಕ್ಕೂ ಮೂಲ ಒಂದೇ: ಬಾಗಿಲು ಅನ್ನುವ ಅರ್ಥದ ಒಂದು ಬಹಳ ಹಳೇ ಬೇರು. ನಾವು ಸಂಸ್ಕೃತದಿಂದ ಪದ ತಂದುಕೊಂಡು ಹೆಬ್ಬಾಗಿಲಿಗೆ ಇಟ್ಟುಕೊಂಡೆವು. ಅವರಲ್ಲಿ ಅದೇ ಬೇರು ಬಾಗಿಲಿನಿಂದ ಅಂಗಳಕ್ಕೆ, ಅಂಗಳದಿಂದ ಇಡೀ ಮನೆತನದ ಆಸ್ತಿಗೆ ಹಬ್ಬಿತು.

ಈ ಮನೆ ಕಟ್ಟಿಸಿದ್ದು ಯಾರು?

ಮೀಕೋಲಾಸ್ ಓಗಿನ್ಸ್ಕಿಸ್. ಹುಟ್ಟಿದ್ದು 1849ರಲ್ಲಿ, ತೀರಿಕೊಂಡಿದ್ದು 1902ರಲ್ಲಿ. ಪ್ರಿನ್ಸ್ ಅನ್ನುವ ಬಿರುದು ಇದ್ದ ಮನೆತನ. ಆದರೆ ಆಗ ಆಳಲು ಅವರಿಗೆ ರಾಜ್ಯ ಇರಲಿಲ್ಲ, ಲಿಥುವೇನಿಯಾ ರಷ್ಯಾ ಚಕ್ರವರ್ತಿಯ ಕೈಯಲ್ಲಿತ್ತು.

ಇದು ಅವರ ಪಿತ್ರಾರ್ಜಿತ ಜಾಗ ಅಲ್ಲ. ಅಪ್ಪ ಇರೇನೆಯುಸ್ ಓಗಿನ್ಸ್ಕಿಸ್‌ಗೆ ಸೇರಿದ್ದು ಹತ್ತಿರದ ರಿಯೆತಾವಾಸ್. ಅದು ದೊಡ್ಡ ಮಗ ಬೊಗ್ದಾನಾಸ್ ಪಾಲಿಗೆ ಹೋಯಿತು. ತಮ್ಮ ಮೀಕೋಲಾಸ್ 1873ರಲ್ಲಿ ಪ್ಲುಂಗೆಯನ್ನು ಜುಬೋವ್ ಮನೆತನದಿಂದ ಕೊಂಡುಕೊಂಡರು. ಜುಬೋವ್‌ಗಳಿಗೆ ಇದು ಬಂದದ್ದು 19ನೇ ಶತಮಾನದ ಶುರುವಿನಲ್ಲಿ, ಪ್ಲಾಟೋನ್ ಜುಬೋವ್ ಕಾಲದಲ್ಲಿ. ರಷ್ಯಾದ ರಾಣಿ ಎರಡನೇ ಕ್ಯಾಥರೀನ್‌ಗೆ ಅಚ್ಚುಮೆಚ್ಚಾಗಿದ್ದ ಅದೇ ಪ್ಲಾಟೋನ್.

ಕೊಂಡ ವರ್ಷವೇ ಕಟ್ಟಡದ ಕೆಲಸ ಶುರು. ಮುಗಿದದ್ದು 1879ರಲ್ಲಿ. ಆಗ ಮೀಕೋಲಾಸ್‌ಗೆ ಮೂವತ್ತು. ಹೆಂಡತಿ ಮರಿಯಾ ಪೋಲೆಂಡಿನ ಸ್ಕುಜೆವ್ಸ್ಕಿ ಮನೆತನದವರು. ಅವರಿಗೆ ಮಕ್ಕಳಾಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓಗಿನ್ಸ್ಕಿ ಸರಿಯೋ, ಓಗಿನ್ಸ್ಕಿಸ್ ಸರಿಯೋ?

ಎರಡೂ ಸರಿ. ಪೋಲಿಷ್‌ನಲ್ಲಿ ಓಗಿನ್ಸ್ಕಿ, ಲಿಥುವೇನಿಯನ್‌ನಲ್ಲಿ ಓಗಿನ್ಸ್ಕಿಸ್. ಲಿಥುವೇನಿಯನ್‌ನಲ್ಲಿ ಗಂಡಸರ ಹೆಸರು ಸಾಮಾನ್ಯವಾಗಿ 'ಸ್' ಅಂತಲೇ ಮುಗಿಯಬೇಕು, ಹೊರಗಿನವರ ಹೆಸರಿಗೂ ಅದನ್ನೇ ಅಂಟಿಸುತ್ತಾರೆ.

ಪೋಲಿಷ್‌ನವರಾ ಲಿಥುವೇನಿಯನ್ನರಾ ಅನ್ನುವ ಪ್ರಶ್ನೆಗೆ ಇಷ್ಟು ಸುಲಭದ ಉತ್ತರ ಇಲ್ಲ. ಆ ಕಾಲದ ಲಿಥುವೇನಿಯಾದ ಶ್ರೀಮಂತರು ಮನೆಯಲ್ಲಿ ಆಡುತ್ತಿದ್ದದ್ದು ಪೋಲಿಷ್, ಹೊಲದಲ್ಲಿ ಕೇಳಿಸುತ್ತಿದ್ದದ್ದು ಲಿಥುವೇನಿಯನ್, ಸರ್ಕಾರಿ ಕಾಗದಕ್ಕೆ ರಷ್ಯನ್. ಇವರ ತಾತ ಮಿಖಾಲ್ ಕ್ಲೆಯೋಫಾಸ್ ಓಗಿನ್ಸ್ಕಿಯನ್ನು ಪೋಲೆಂಡ್, ಲಿಥುವೇನಿಯಾ, ಬೆಲಾರಸ್ ಮೂರೂ "ನಮ್ಮವರು" ಅನ್ನುತ್ತವೆ. ಆ ತಾತ 1794ರಲ್ಲಿ ರಷ್ಯಾ ವಿರುದ್ಧದ ದಂಗೆಯಲ್ಲಿ ಸೇರಿಕೊಂಡವರು. "ತಾಯ್ನಾಡಿಗೆ ವಿದಾಯ" ಅನ್ನುವ ಹೆಸರಲ್ಲಿ ಪ್ರಸಿದ್ಧವಾದ ಪೊಲೊನೇಸ್ (ಪೋಲೆಂಡಿನ ಒಂದು ಕುಣಿತದ ಧಾಟಿಯ ಸಂಗೀತ) ಬರೆದವರೂ ಅವರೇ. ಅವರ ಸಮಾಧಿ ಇರುವುದು ಮಾತ್ರ ಇಟಲಿಯ ಫ್ಲಾರೆನ್ಸ್‌ನಲ್ಲಿ, ಸಾಂತಾ ಕ್ರೋಚೆ ಚರ್ಚಿನೊಳಗೆ.

ಕಟ್ಟಡದ ಶೈಲಿ ಯಾವುದು? ಏನನ್ನು ನೋಡಬೇಕು?

ನವ ರಿನೈಸಾನ್ಸ್, ಅಂದರೆ ಇಟಲಿಯ ಹಳೇ ಅರಮನೆಗಳ ಶೈಲಿಯನ್ನು 19ನೇ ಶತಮಾನದಲ್ಲಿ ಮತ್ತೆ ತಂದದ್ದು. ನಕ್ಷೆ ಹಾಕಿದ್ದು ಜರ್ಮನಿಯ ಕಾರ್ಲ್ ಲೊರೆಂಟ್ಸ್. ಅಲ್ಲಲ್ಲಿ ಬರೋಕ್ ಛಾಯೆಯೂ, ಅಂದರೆ ತುಸು ಭಾರಿ ಅಲಂಕಾರದ ಛಾಯೆಯೂ ಇದೆ.

ಮೊದಲು ಸ್ವಲ್ಪ ಹಿನ್ನೆಲೆ. ಲಿಥುವೇನಿಯಾದ ಹಳೇ ದ್ವಾರಸ್‌ಗಳು ಹೆಚ್ಚಾಗಿ ಮರದವು. ಒಂದೇ ಅಂತಸ್ತು, ಮೇಲೆ ಮಳೆ ಹಿಮ ಜಾರಿಹೋಗುವಂತೆ ಕಡಿದಾದ ಎತ್ತರದ ಮಾಡು. 1800ರ ಸುತ್ತಮುತ್ತ ಫ್ಯಾಷನ್ ಬದಲಾಯಿತು. ಮನೆಯ ಮುಂದೆ ಗ್ರೀಕ್ ಗುಡಿಯ ಹಾಗೆ ನಾಲ್ಕು ಬಿಳಿ ಕಂಬ, ಮೇಲೊಂದು ತ್ರಿಕೋನ ಬಂದರೆ ಅದು ಗೌರವಸ್ಥರ ಮನೆ. ದುಡ್ಡಿಲ್ಲದವರು ಮರದ ಕಂಬ ನಿಲ್ಲಿಸಿ ಸುಣ್ಣ ಬಳಿಯುತ್ತಿದ್ದರು, ದೂರದಿಂದ ಕಲ್ಲಿನ ಹಾಗೇ ಕಾಣುತ್ತಿತ್ತು. ಆಮೇಲೆ, 19ನೇ ಶತಮಾನದ ಎರಡನೇ ಅರ್ಧದಲ್ಲಿ, ಹಳೇ ಶೈಲಿಗಳಿಂದ ಬೇಕಾದ್ದನ್ನು ಆರಿಸಿಕೊಳ್ಳುವ ಕಾಲ ಬಂತು. ಒಬ್ಬರಿಗೆ ಗೋಥಿಕ್ ಕೋಟೆ, ಇನ್ನೊಬ್ಬರಿಗೆ ಇಂಗ್ಲಿಷ್ ಮನೆ, ಮತ್ತೊಬ್ಬರಿಗೆ ಇಟಲಿಯ ಪಲಾತ್ಸೋ, ಅಂದರೆ ಅರಮನೆ. ಮೀಕೋಲಾಸ್ ಆರಿಸಿಕೊಂಡದ್ದು ಕೊನೆಯದನ್ನು.

ಪ್ಲುಂಗೆಯ ಮನೆ ಎರಡು ಅಂತಸ್ತಿನದು. ಅಗಲ ಜಾಸ್ತಿ, ಎತ್ತರ ಕಡಿಮೆ. ಎದುರಿಗೆ ನಿಂತು ಮಧ್ಯದಿಂದ ಒಂದು ಗೆರೆ ಎಳೆದರೆ ಎಡ ಬಲ ಒಂದೇ. ಮಧ್ಯದ ಭಾಗ ಸ್ವಲ್ಪ ಮುಂದಕ್ಕೆ ಬಂದಿದೆ. ಇಟಲಿಯವರ ಲೆಕ್ಕವೇ ಅದು: ಮನೆ ಆಕಾಶಕ್ಕೆ ಏರಬಾರದು, ನೆಲದ ಮೇಲೆ ನೆಮ್ಮದಿಯಾಗಿ ಕೂರಬೇಕು. ಅದಕ್ಕೇ ನಿಮ್ಮ ಕಣ್ಣು ಮೇಲಕ್ಕಿಂತ ಪಕ್ಕಕ್ಕೆ ಓಡುತ್ತದೆ. ಅಂತಸ್ತುಗಳ ನಡುವೆ ಉದ್ದಕ್ಕೂ ಓಡುವ ಗಾರೆಯ ಪಟ್ಟಿ ನೋಡಿ, ಕಿಟಕಿಗಳ ಸಾಲು ನೋಡಿ, ತುದಿಯಲ್ಲಿ ಮಾಡನ್ನು ಮರೆಮಾಡುವ ಕಟಕಟೆ ನೋಡಿ. ಮೂರೂ ಅಡ್ಡಗೆರೆಗಳೇ.

ಆ ಕಟಕಟೆಯ ಬಗ್ಗೆ ನನಗೊಂದು ತಕರಾರಿದೆ. ಇಟಲಿಯ ಬಿಸಿಲಿಗೆ ಅದು ಸರಿ. ವರ್ಷಕ್ಕೆ ಮೂರ್ನಾಲ್ಕು ತಿಂಗಳು ಹಿಮ ಬೀಳುವ ಊರಲ್ಲಿ ಮಾಡಿನ ಅಂಚಿಗೆ ಕಟ್ಟೆ ಕಟ್ಟಿದರೆ ಹಿಮ ಎಲ್ಲಿಗೆ ಜಾರಬೇಕು? ಹಳೇ ಮರದ ಮನೆ ಕಟ್ಟಿದ ಬಡಗಿಗೆ ಈ ನಕ್ಷೆ ತೋರಿಸಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ಆದರೆ ಇಂಥ ಮನೆಯನ್ನು ಹವಾಮಾನ ನೋಡಿ ಕಟ್ಟಿಸುವುದಿಲ್ಲ, ಬರುವ ಅತಿಥಿಗಳನ್ನು ನೋಡಿ ಕಟ್ಟಿಸುತ್ತಾರೆ.

ಇನ್ನೊಂದು ಮಾತು. ಮುಂಬಾಗಿಲನ್ನಷ್ಟೇ ನೋಡಿ ಫೋಟೋ ತೆಗೆದು ಹೊರಡಬೇಡಿ. ಹಿಂದಕ್ಕೆ, ಪಾರ್ಕಿನ ಕಡೆಗೆ ಬನ್ನಿ. ಮುಂದಿನ ಮುಖ ಗಾಡಿ ಇಳಿದು ಬರುವವರಿಗೆ, ಹಿಂದಿನ ಮುಖ ಮನೆಯವರಿಗೆ. ಯುರೋಪಿನ ಇಂಥ ಎಷ್ಟೋ ಮನೆಗಳಿಗೆ ಹೀಗೆ ಎರಡು ಮುಖ ಇರುತ್ತವೆ. ನನಗೆ ಹಿಂದಿನದೇ ಇಷ್ಟ.

"ಝೆಮೈತಿಯಾದ ವರ್ಸೈ" ಅಂತಾರಲ್ಲ, ನಿಜವಾ?

ಪ್ರವಾಸದ ಬ್ರೋಷರ್ ಬರೆಯುವವರ ಮಾತು. ಫ್ರಾನ್ಸಿನ ರಾಜರ ಅರಮನೆ ವರ್ಸೈ ನೋಡಿ ಬಂದವರು ಇಲ್ಲಿ ಬಂದರೆ ನಗುತ್ತಾರೆ. ಇದು ಅಷ್ಟು ದೊಡ್ಡದಲ್ಲ, ಅಷ್ಟು ಚಿನ್ನದ ಲೇಪವೂ ಇಲ್ಲ. ಪಾರ್ಕಂತೂ ವರ್ಸೈಗೆ ಪೂರ್ತಿ ಉಲ್ಟಾ. ಅಲ್ಲಿ ಸ್ಕೇಲು ಹಿಡಿದು ಗೆರೆ ಎಳೆದ ತೋಟ, ಇಲ್ಲಿ ಕಾಡಿನ ಹಾಗೆ ಬಿಟ್ಟ, ಆದರೆ ಉಪಾಯವಾಗಿ ಬಿಟ್ಟ ತೋಟ. ಸುಮಾರು 58 ಹೆಕ್ಟೇರು. ಹೊಳೆಯ ಪಕ್ಕದಲ್ಲಿ ಒಂದಾದ ಮೇಲೊಂದು ಕೊಳ. ದಾರಿಗಳು ಸೊಟ್ಟ, ಬೇಕಂತಲೇ ಸೊಟ್ಟ.

ಗಡಿಯಾರದ ಗೋಪುರ ಮನೆಗಿಂತ ಹಳೆಯದಂತೆ?

ಹೌದು, ಸುಮಾರು ಮೂವತ್ತು ವರ್ಷ ಹಳೆಯದು. 1846ರದು, ಜುಬೋವ್‌ಗಳ ಕಾಲದ್ದು. ಫ್ಲಾರೆನ್ಸ್‌ನ ಪಲಾತ್ಸೋ ವೆಕ್ಕಿಯೋ ನೋಡಿದವರಿಗೆ ಒಂದೇ ಕ್ಷಣದಲ್ಲಿ ಗುರುತು ಸಿಗುತ್ತದೆ. ಅದೇ ಚೌಕ ಗೋಪುರ, ತುದಿಯಲ್ಲಿ ಕೋಟೆಯ ಹಲ್ಲುಗಳು. ಅಳತೆ ಮಾತ್ರ ಗೊಂಬೆಯದು.

ತಮಾಷೆ ಅಂದರೆ, ಇಷ್ಟು ಗತ್ತಿನ ಕಟ್ಟಡದ ಕೆಲಸ ಗಿಡ ಸಾಕುವುದು! ಗಡಿಯಾರದ ಗೋಪುರಕ್ಕೆ ಅಂಟಿಕೊಂಡಿದ್ದದ್ದು ಒರಾಂಜರಿ, ಅಂದರೆ ಬಿಸಿ ಕಾಯಿಸಿಟ್ಟ ಗಿಡಗಳ ಮನೆ. ನಮ್ಮ ಹಿತ್ತಲಲ್ಲಿ ಕೇಳುವವರಿಲ್ಲದೆ ಬೆಳೆಯುವ ನಿಂಬೆ, ಕಿತ್ತಳೆಗಳು ಬಾಲ್ಟಿಕ್ ಚಳಿಯಲ್ಲಿ ಒಂದು ರಾತ್ರಿಯೂ ಬದುಕುವುದಿಲ್ಲ. ಜನವರಿಯಲ್ಲಿ ಅತಿಥಿಗಳ ಮುಂದೆ ಒಂದು ನಿಂಬೆಹಣ್ಣು ಇಟ್ಟರೆ ಅದರ ಬೆಲೆಯೇ ಬೇರೆ.

ಮಿಖಾಲ್ ಕ್ಲೆಯೋಫಾಸ್ ತಾತ ಮಣ್ಣಾದದ್ದು ಫ್ಲಾರೆನ್ಸ್‌ನಲ್ಲಿ ಅಂದೆನಲ್ಲ. ಅವರ ಮೊಮ್ಮಗ ಕೊಂಡುಕೊಂಡ ಜಾಗದಲ್ಲಿ ಮೊದಲೇ ಫ್ಲಾರೆನ್ಸ್‌ನ ಗೋಪುರ ನಿಂತು ಕಾಯುತ್ತಿತ್ತು. ಕಾಕತಾಳೀಯವೇ ಇರಬಹುದು. ಆದರೂ ಮೊದಲ ಸಲ ಇಲ್ಲಿಗೆ ಬಂದಾಗ ಮೀಕೋಲಾಸ್ ಅದನ್ನು ನೋಡಿ ಏನಂದುಕೊಂಡರೋ ಅನ್ನುವ ಯೋಚನೆ ನನ್ನ ತಲೆಯಿಂದ ಹೋಗುವುದಿಲ್ಲ.

ಈಗ ಗೋಪುರದ ಕಟ್ಟಡದಲ್ಲಿ ಊರಿನ ಸಾರ್ವಜನಿಕ ಲೈಬ್ರರಿ ಇದೆ. ಒಳಗೆ ಯಾರು ಬೇಕಾದರೂ ಹೋಗಬಹುದು.

ಮನೆಗಿಂತ ಇಲ್ಲಿನ ಆರ್ಕೆಸ್ಟ್ರಾ ಹೆಸರೇ ಜಾಸ್ತಿ ಕೇಳಿಬರುತ್ತದೆ. ಯಾಕೆ?

ಯಾಕೆಂದರೆ ಅದೇ ನಿಜವಾದ ಕಥೆ. ನನ್ನ ಮಟ್ಟಿಗೆ ಪ್ಲುಂಗೆಯ ಗೋಡೆಗಳು ಎರಡನೆಯದು, ಅದರೊಳಗೆ ನುಡಿದ ವಾದ್ಯಗಳು ಮೊದಲು. ಮದುವೆ ಮನೆಯ ಆರ್ಕೆಸ್ಟ್ರಾ ಅಂದುಕೊಳ್ಳಬೇಡಿ. ಇದು ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲ ಇರುವ ಪಾಶ್ಚಾತ್ಯ ಸಂಗೀತದ ಪೂರ್ತಿ ತಂಡ.

ಶ್ರೀಮಂತರು ಮನೆಯಲ್ಲಿ ವಾದ್ಯಗಾರರನ್ನು ಇಟ್ಟುಕೊಳ್ಳುವುದು ಹೊಸದೇನಲ್ಲ. ಸಂಬಳ ಕೊಟ್ಟು ವಿಯೆನ್ನಾದಿಂದಲೋ ವಾರ್ಸಾದಿಂದಲೋ ಕರೆಸಬಹುದಿತ್ತು. ಓಗಿನ್ಸ್ಕಿ ಅಣ್ಣ ತಮ್ಮ ಮಾಡಿದ್ದು ಬೇರೆ. ಅಣ್ಣ 1872ರಲ್ಲಿ ರಿಯೆತಾವಾಸ್‌ನಲ್ಲಿ, ತಮ್ಮ ಮರುವರ್ಷ ಪ್ಲುಂಗೆಯಲ್ಲಿ ಸಂಗೀತ ಶಾಲೆ ತೆರೆದರು. ಬಡವರ ಮನೆ ಹುಡುಗರನ್ನು ಸೇರಿಸಿಕೊಂಡರು. ಅಲ್ಲೇ ಇರುವುದು, ಅಲ್ಲೇ ಊಟ, ಅಲ್ಲೇ ಪಾಠ. ಕಲಿತ ಹಾಗೆ ದ್ವಾರಸ್‌ನ ಆರ್ಕೆಸ್ಟ್ರಾದಲ್ಲಿ ನುಡಿಸುವುದು.

ಆ ಹೊತ್ತಿನಲ್ಲಿ ಇದಕ್ಕಿದ್ದ ಬೆಲೆ ಗೊತ್ತಾಗಬೇಕಾದರೆ ಹೊರಗೆ ಏನು ನಡೆಯುತ್ತಿತ್ತು ನೋಡಬೇಕು. 1863ರ ದಂಗೆ ಅಡಗಿಸಿದ ಮೇಲೆ ರಷ್ಯಾ ಸರ್ಕಾರ ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚುಹಾಕುವುದನ್ನೇ ನಿಷೇಧಿಸಿತು. 1864ರಿಂದ 1904ರವರೆಗೆ, ನಲವತ್ತು ವರ್ಷ. ಪ್ರಾರ್ಥನೆ ಪುಸ್ತಕಗಳನ್ನೂ ಗಡಿಯಾಚೆ ಪ್ರಷ್ಯಾದಲ್ಲಿ ಅಚ್ಚುಹಾಕಿ, ಮೂಟೆ ಹೊತ್ತು ರಾತ್ರಿ ಕಳ್ಳದಾರಿಯಲ್ಲಿ ತರುತ್ತಿದ್ದರು. ಲಿಥುವೇನಿಯನ್ ಮಾತಾಡುವ ಹಳ್ಳಿ ಹುಡುಗನಿಗೆ ತನ್ನ ಭಾಷೆಯನ್ನು ತನ್ನ ಲಿಪಿಯಲ್ಲಿ ರಾಜಾರೋಷವಾಗಿ ಓದುವ ದಾರಿ ಇರಲಿಲ್ಲ. ಆದರೆ ಸ್ವರಲಿಪಿಗೆ ನಿಷೇಧ ಇರಲಿಲ್ಲವಲ್ಲ.

ಚುರ್ಲಿಯೋನಿಸ್ ಇಲ್ಲಿ ಓದಿದ್ದು ನಿಜವಾ?

ನಿಜ. ಮಿಕಲೋಯುಸ್ ಕೊನ್ಸ್ತಾಂತಿನಾಸ್ ಚುರ್ಲಿಯೋನಿಸ್ ಲಿಥುವೇನಿಯಾದ ಅತಿ ದೊಡ್ಡ ಚಿತ್ರಕಾರ, ಅತಿ ದೊಡ್ಡ ಸಂಗೀತ ರಚನಕಾರ. ಎರಡೂ ಒಬ್ಬನೇ. ಅಪ್ಪ ಚರ್ಚಿನಲ್ಲಿ ಆರ್ಗನ್ ನುಡಿಸುವವರು, ಮನೆ ತುಂಬ ಮಕ್ಕಳು, ದೇಶದ ದಕ್ಷಿಣ ತುದಿಯ ದ್ರುಸ್ಕಿನಿಂಕೈನಲ್ಲಿ ವಾಸ. ಹುಡುಗನ ಕೈಚಳಕ ನೋಡಿ, ಮನೆಗೆ ಬೇಕಾದವರಾಗಿದ್ದ ಒಬ್ಬ ಡಾಕ್ಟರು ಓಗಿನ್ಸ್ಕಿಸ್‌ಗೆ ಶಿಫಾರಸು ಮಾಡಿದರು.

1889. ಹುಡುಗನಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ದಕ್ಷಿಣದ ತುದಿಯಿಂದ ವಾಯವ್ಯದ ತುದಿಗೆ ಬರಬೇಕು. ಪ್ಲುಂಗೆಗೆ ಆಗ ರೈಲೂ ಇರಲಿಲ್ಲ, ಅದು ಬಂದದ್ದು 1932ರಲ್ಲಿ. ಕೊನೆಯ ದಾರಿ ಕುದುರೆ ಗಾಡಿಯಲ್ಲೇ. ಇಳಿದ ಮೇಲೆ ಕಿವಿಗೆ ಬೀಳುವುದು ಝೆಮೈತಿಯಾದ ಮಾತು, ಅವನ ಮನೆಯದಲ್ಲ. ಕೈಗೆ ಬಂದದ್ದು ಕೊಳಲು. ನಾಲ್ಕು ವರ್ಷ ಇಲ್ಲೇ ಇದ್ದ. ಕೊಳಲಿನ ಜೊತೆಗೆ ಬೇರೆ ವಾದ್ಯಗಳನ್ನೂ ಕಲಿತ, ಆರ್ಕೆಸ್ಟ್ರಾದಲ್ಲಿ ನುಡಿಸಿದ. ಒಂದು ವಾದ್ಯ ಇನ್ನೊಂದಕ್ಕೆ ಹೇಗೆ ಜಾಗ ಬಿಡುತ್ತದೆ, ಎಲ್ಲ ಸೇರಿದಾಗ ಏನಾಗುತ್ತದೆ ಅನ್ನುವುದು ಪುಸ್ತಕದಿಂದ ಬರುವ ವಿದ್ಯೆ ಅಲ್ಲ. ಮಧ್ಯದಲ್ಲಿ ಕೂತು ಕೇಳಿಸಿಕೊಳ್ಳಬೇಕು. ಆ ಕೂರುವ ಜಾಗ ಸಿಕ್ಕಿದ್ದು ಇಲ್ಲಿ.

1894ರಲ್ಲಿ ಓಗಿನ್ಸ್ಕಿಸ್ ತಮ್ಮ ದುಡ್ಡಿನಲ್ಲಿ ಅವನನ್ನು ವಾರ್ಸಾದ ಸಂಗೀತ ಶಾಲೆಗೆ ಕಳಿಸಿದರು. ಐದು ವರ್ಷ. ಆಮೇಲೆ 1901ರಲ್ಲಿ ಜರ್ಮನಿಯ ಲೈಪ್ಸಿಗ್‌ಗೂ. ಅಷ್ಟರಲ್ಲಿ "ಕಾಡಿನಲ್ಲಿ" ಅನ್ನುವ ಸಿಂಫನಿ ಕಾವ್ಯ (ಪೂರ್ತಿ ಆರ್ಕೆಸ್ಟ್ರಾಕ್ಕಾಗಿ ಬರೆದ, ಮಾತಿಲ್ಲದ ಸಂಗೀತ ಕೃತಿ) ಬರೆದಾಗಿತ್ತು. ಲಿಥುವೇನಿಯಾದ ಮೊದಲ ಸಿಂಫನಿ ಕೃತಿ ಅಂತ ಅದನ್ನೇ ಎಣಿಸುತ್ತಾರೆ.

1902ರ ಮಾರ್ಚ್‌ನಲ್ಲಿ ಓಗಿನ್ಸ್ಕಿಸ್ ತೀರಿಕೊಂಡರು. ಲೈಪ್ಸಿಗ್‌ಗೆ ಬರುತ್ತಿದ್ದ ದುಡ್ಡು ನಿಂತಿತು. ಚುರ್ಲಿಯೋನಿಸ್ ಪರದಾಡಿಕೊಂಡೇ ಅಲ್ಲಿನ ಓದು ಮುಗಿಸಿ ವಾರ್ಸಾಗೆ ವಾಪಸಾದರು. ಆಮೇಲಿನ ವರ್ಷಗಳಲ್ಲಿ ಕುಂಚ ಹಿಡಿದರು. 1911ರಲ್ಲಿ, 35ನೇ ವಯಸ್ಸಿಗೆ, ಹೋಗಿಬಿಟ್ಟರು.

ಅಣ್ಣ ಬೊಗ್ದಾನಾಸ್ ಏನು ಮಾಡಿದರು?

ಅವರಿಗೆ ಯಂತ್ರಗಳ ಹುಚ್ಚು. 1882ರಲ್ಲಿ ರಿಯೆತಾವಾಸ್, ಪ್ಲುಂಗೆ, ಕ್ರೆತಿಂಗಾ ಊರುಗಳ ನಡುವೆ ಟೆಲಿಫೋನ್ ತಂತಿ ಎಳೆಸಿದರು. ಲಿಥುವೇನಿಯಾದ ಮೊದಲ ಫೋನು ಅದೇ. ಅಣ್ಣ ತಮ್ಮ ಕೂತಲ್ಲಿಂದಲೇ ಮಾತಾಡಬಹುದಿತ್ತು.

1892ರ ಏಪ್ರಿಲ್ 17, ಈಸ್ಟರ್ ಹಬ್ಬ. ರಿಯೆತಾವಾಸ್‌ನ ಚರ್ಚಿನಲ್ಲಿ ಬಲ್ಬು ಹೊತ್ತಿಕೊಂಡವು. ಲಿಥುವೇನಿಯಾದಲ್ಲಿ ವಿದ್ಯುತ್ ದೀಪ ಉರಿದದ್ದು ಅದೇ ಮೊದಲು, ವಿಲ್ನಿಯಸ್‌ನಲ್ಲೂ ಅಲ್ಲ, ದೇಶದ ಎರಡನೇ ದೊಡ್ಡ ನಗರ ಕೌನಸ್‌ನಲ್ಲೂ ಅಲ್ಲ, ಈ ಹಳ್ಳಿಯಲ್ಲಿ. ಜೊತೆಗೆ ದ್ವಾರಸ್‌ಗೂ ಪಾರ್ಕಿಗೂ ದೀಪ. ಮೇಣದ ಬತ್ತಿ ಬಿಟ್ಟರೆ ಬೇರೆ ಬೆಳಕು ಕಾಣದ ರೈತರು ಆ ಬೆಳಗ್ಗೆ ಚರ್ಚಿನೊಳಗೆ ತಲೆ ಎತ್ತಿ ನಿಂತಿದ್ದನ್ನು ಊಹಿಸಿಕೊಳ್ಳಿ.

ಆ ಚರ್ಚು ಇವತ್ತಿಗೂ ಇದೆ. ಬರ್ಲಿನ್ನಿನ ಹೆಸರಾಂತ ವಾಸ್ತುಶಿಲ್ಪಿ ಫ್ರೀಡ್ರಿಶ್ ಆಗುಸ್ಟ್ ಸ್ಟ್ಯೂಲರ್ ಹಾಕಿದ ನಕ್ಷೆ. ಅಣ್ಣನ ಅರಮನೆ ಮಾತ್ರ ಉಳಿದಿಲ್ಲ. ಅಲ್ಲಿನ ಸಂಗೀತ ಶಾಲೆಯ ಕಟ್ಟಡದಲ್ಲಿ ಓಗಿನ್ಸ್ಕಿಗಳ ಮ್ಯೂಸಿಯಂ ಮಾಡಿದ್ದಾರೆ.

ಕುದುರೆಗಳ ಕಥೆ ಏನು?

ಝೆಮೈತುಕಾಸ್ ಅನ್ನುವ ನಾಡ ತಳಿ. ಗಿಡ್ಡ ಕುದುರೆ, ಭುಜದ ಎತ್ತರ 130ರಿಂದ 140 ಸೆಂ.ಮೀ. ಆಸುಪಾಸು. ಗಟ್ಟಿ, ಕಡಿಮೆ ಮೇವಿಗೆ ಜಾಸ್ತಿ ಕೆಲಸ. ದೊಡ್ಡ ಕುದುರೆಗಳ ಶೋಕಿಯಲ್ಲಿ ತಳಿ ಕೆಡುತ್ತಿದ್ದಾಗ ಮೀಕೋಲಾಸ್ ಪ್ಲುಂಗೆಯಲ್ಲಿ ಅದಕ್ಕೇ ಅಂತ ಲಾಯ ಮಾಡಿಸಿ ಬೆಳೆಸಿದರು. ಆದರೂ 20ನೇ ಶತಮಾನದಲ್ಲಿ ಎರಡು ಯುದ್ಧ, ಟ್ರ್ಯಾಕ್ಟರು ಎಲ್ಲ ಸೇರಿ ಈ ಕುದುರೆಗಳನ್ನು ಅಳಿವಿನ ಅಂಚಿಗೆ ತಳ್ಳಿದವು.

ಪಾರ್ಕಿನ ಪೆರ್ಕೂನಾಸ್ ಓಕ್ ಮರ ಯಾವುದು?

ತುಂಬ ಹಳೇ ಓಕ್ ಮರ. ಮನುಷ್ಯರು ಅಪ್ಪಿಕೊಳ್ಳಬೇಕಾದರೆ ಮೂರ್ನಾಲ್ಕು ಜನ ಕೈ ಜೋಡಿಸಬೇಕು. ನಾನು ಹೋದದ್ದು ಅಕ್ಟೋಬರ್‌ನಲ್ಲಿ, ಕೆಳಗೆಲ್ಲ ಕಂದು ಎಲೆ, ಓಕ್ ಕಾಯಿ. ತೊಗಟೆಯ ಬಿರುಕಿನಲ್ಲಿ ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು.

ಪೆರ್ಕೂನಾಸ್ ಅಂದರೆ ಗುಡುಗಿನ ದೇವರು. ಓಕ್ ಅವನ ಮರ. ಕ್ರೈಸ್ತ ಮತ ಬರುವ ಮೊದಲು ಈ ಮರದ ಕೆಳಗೆ ಪವಿತ್ರ ಬೆಂಕಿ ಕಾಯುತ್ತಿದ್ದರು ಅಂತ ಊರವರ ಕಥೆ. ಪೆರ್ಕೂನಾಸ್ ಹೆಸರಿಗೂ ನಮ್ಮ ವೇದದ ಪರ್ಜನ್ಯನಿಗೂ ಕೆಲವು ಭಾಷಾ ಪಂಡಿತರು ನಂಟು ಹಾಕುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ಬೆಂಕಿಗೆ ಅವರು 'ಉಗ್ನಿಸ್' ಅನ್ನುವುದೂ ಹೊಗೆಗೆ 'ದೂಮಾಸ್' ಅನ್ನುವುದೂ ನಮ್ಮ ಅಗ್ನಿ, ಧೂಮಗಳ ನೆಂಟರು ಅನ್ನುವುದರಲ್ಲಿ ಮಾತ್ರ ತಕರಾರಿಲ್ಲ.

1902ರ ನಂತರ ಮನೆಗೆ ಏನಾಯಿತು?

ಮಕ್ಕಳಿರಲಿಲ್ಲ ಅಂದೆನಲ್ಲ. ಯಜಮಾನರ ಜೊತೆಗೆ ಆರ್ಕೆಸ್ಟ್ರಾವೂ ಮುಗಿಯಿತು. ಅಣ್ಣ ಬೊಗ್ದಾನಾಸ್‌ಗೂ ಮಕ್ಕಳಿಲ್ಲ, ಅವರು 1909ರಲ್ಲಿ ತೀರಿಕೊಂಡರು. ಅಲ್ಲಿಗೆ ಈ ಶಾಖೆಯೇ ನಿಂತಿತು.

ಆಮೇಲೆ ಮೊದಲ ಮಹಾಯುದ್ಧ. 1918ರಲ್ಲಿ ಲಿಥುವೇನಿಯಾ ಸ್ವತಂತ್ರವಾಯಿತು. ಹೊಸ ಸರ್ಕಾರ ದೊಡ್ಡ ಜಮೀನುಗಳನ್ನೆಲ್ಲ ಒಡೆದು ರೈತರಿಗೆ ಹಂಚಿತು, ಮನೆಯೂ ಸರ್ಕಾರದ ವಶವಾಯಿತು. 1940ರಲ್ಲಿ ಸೋವಿಯತ್ ಸೇನೆ ಬಂತು, 1941ರಲ್ಲಿ ನಾಜಿಗಳು, 1944ರಲ್ಲಿ ಮತ್ತೆ ಸೋವಿಯತ್. ಯಾರು ಬಂದರೂ ಗಟ್ಟಿ ಗೋಡೆಯ ದೊಡ್ಡ ಕಟ್ಟಡಕ್ಕೆ ಒಂದಲ್ಲ ಒಂದು ಕೆಲಸ ಸಿಗುತ್ತದೆ. ದೇಶದ ಎಷ್ಟೋ ದ್ವಾರಸ್‌ಗಳು ಶಾಲೆಯಾಗಿ, ಆಸ್ಪತ್ರೆಯಾಗಿ, ಸಾಮೂಹಿಕ ಬೇಸಾಯದ ಆಫೀಸಾಗಿ, ಧಾನ್ಯದ ಗೋದಾಮಾಗಿ ಉಳಿದವು. ಯಾರಿಗೂ ಬೇಡವಾದವು ಬಿದ್ದುಹೋದವು.

ಊರಿನ ಇನ್ನೊಂದು ಕಥೆಯನ್ನು ಬಿಟ್ಟು ಮುಂದೆ ಹೋಗಲಾರೆ. ಪ್ಲುಂಗೆಯಲ್ಲಿ ಯಹೂದಿಗಳು ಬಹಳ ಜನ ಇದ್ದರು. 1941ರ ಜುಲೈನಲ್ಲಿ ಸುಮಾರು 1,800 ಜನರನ್ನು ಪಕ್ಕದ ಕೌಶೆನೈ ಹಳ್ಳಿಯ ಹತ್ತಿರ ಗುಂಡಿಟ್ಟು ಕೊಂದರು. ಆ ಊರಿನವರೇ ಆದ ಶಿಲ್ಪಿ ಯಾಕೋವಾಸ್ ಬುಂಕಾ ಮುಂದೆ ನಿಂತು ಅಲ್ಲಿ ಮರದ ಸ್ಮಾರಕ ಶಿಲ್ಪಗಳನ್ನು ನಿಲ್ಲಿಸಿದರು. ಪಾರ್ಕು ನೋಡಲು ಹೋದವರು ಅಲ್ಲಿಗೂ ಹೋಗಿ ಬನ್ನಿ.

ಈಗ ಒಳಗೆ ಏನಿದೆ? ಚುರ್ಲಿಯೋನಿಸ್ ಚಿತ್ರಗಳು ಸಿಗುತ್ತವಾ?

1994ರಿಂದ ಝೆಮೈತಿಯಾ ಕಲಾ ಮ್ಯೂಸಿಯಂ ಇದೆ. ಈ ಸೀಮೆಯ ಕಲಾವಿದರ ಕೆಲಸ, ಇಲ್ಲಿಂದ ಹೊರಗೆ ಹೋಗಿ ಬೇರೆ ದೇಶಗಳಲ್ಲಿ ನೆಲೆಸಿದವರ ಕೆಲಸ, ಜನಪದ ಕೆತ್ತನೆ, ಓಗಿನ್ಸ್ಕಿಗಳ ಕಾಲದ ನೆನಪು.

ಚುರ್ಲಿಯೋನಿಸ್ ಚಿತ್ರಗಳಿಗಾಗಿ ಬರಬೇಡಿ, ನಿರಾಸೆಯಾಗುತ್ತದೆ. ಅವು ಬಹುತೇಕ ಎಲ್ಲ ಕೌನಸ್‌ನಲ್ಲಿರುವ ಅವರ ಹೆಸರಿನ ಮ್ಯೂಸಿಯಂನಲ್ಲಿವೆ. ಪ್ಲುಂಗೆಯಲ್ಲಿ ಸಿಗುವುದು ಆ ಹುಡುಗ ಓಡಾಡಿದ ಜಾಗ.

ಹೋಗುವುದು ಹೇಗೆ? ಯಾವ ತಿಂಗಳು?

ವಿಲ್ನಿಯಸ್‌ನಿಂದ ಕ್ಲೈಪೆದಾಗೆ ಹೋಗುವ ರೈಲು ಪ್ಲುಂಗೆಯಲ್ಲಿ ನಿಲ್ಲುತ್ತದೆ. ಸ್ಟೇಷನ್‌ನಿಂದ ಪಾರ್ಕಿಗೆ ನಡೆದೇ ಹೋಗಬಹುದು. ಸೋಮವಾರ ಹೋಗಬೇಡಿ, ಅಲ್ಲಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಮೇನಿಂದ ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ.

ಸಸ್ಯಾಹಾರಿಗಳಿಗೆ ಊಟ?

ಪರವಾಗಿಲ್ಲ, ಆಲೂಗಡ್ಡೆ ಇದೆ! ಝೆಮೈತಿಯಾದ್ದೇ ಆದ ಒಂದು ತಿನಿಸು ಕಸ್ತಿನಿಸ್. ಹುಳಿ ಕೆನೆ, ಬೆಣ್ಣೆ ಎರಡನ್ನೂ ಮರದ ಚಮಚದಲ್ಲಿ ತಾಳ್ಮೆಯಿಂದ ತಿರುವಿ ತಿರುವಿ, ಉಪ್ಪು, ಬೆಳ್ಳುಳ್ಳಿ, ಸೀಮೆ ಸೋಂಪು ಹಾಕುತ್ತಾರೆ. ಸಿಪ್ಪೆ ಸಮೇತ ಬೇಯಿಸಿದ ಬಿಸಿ ಆಲೂಗಡ್ಡೆ ಮುರಿದು ಅದರ ಮೇಲೆ ಹಚ್ಚಿಕೊಂಡು ತಿನ್ನುವುದು. ಬೇಸಿಗೆಯಲ್ಲಿ ಶಲ್ತಿಬಾರ್ಶ್ಚೈ ಅನ್ನುವ ಗುಲಾಬಿ ಬಣ್ಣದ ತಣ್ಣನೆ ಸೂಪ್ ಸಿಗುತ್ತದೆ. ಬೀಟ್‌ರೂಟ್, ಸೌತೆಕಾಯಿ, ಸಬ್ಬಸಿಗೆ, ಮಜ್ಜಿಗೆಯಂಥ ಕೆಫೀರ್. ನೋಡಿದರೆ ಭಯ, ತಿಂದರೆ ನಮ್ಮ ತಂಬುಳಿಯ ದೂರದ ನೆಂಟ. ಮೇಲೆ ಮೊಟ್ಟೆ ಹಾಕುತ್ತಾರೆ, ಬೇಡ ಅನ್ನಬೇಕಾದವರು ಮೊದಲೇ ಹೇಳಿ.

ಅದೇ ದಾರಿಯಲ್ಲಿ ಇನ್ನೇನು ನೋಡಬಹುದು? ಬೇರೆ ದ್ವಾರಸ್‌ಗಳು?

ಹತ್ತಿರದಲ್ಲೇ ಪ್ಲಾತೆಲಿಯೈ ಕೆರೆ, ಅದರ ಪಕ್ಕದ ಕಾಡಿನಲ್ಲಿ ಪ್ಲೊಕ್ಶ್ತಿನೆ. 1960ರ ದಶಕದ ಶುರುವಿನಲ್ಲಿ ಸೋವಿಯತ್ ಸೇನೆ ನೆಲದಡಿ ಕಟ್ಟಿದ ಅಣು ಕ್ಷಿಪಣಿ ನೆಲೆ. 1978ರಲ್ಲಿ ಮುಚ್ಚಿದರು, 2012ರಲ್ಲಿ ಶೀತಲ ಸಮರದ ಮ್ಯೂಸಿಯಂ ಮಾಡಿದರು.

ದ್ವಾರಸ್‌ಗಳಲ್ಲಿ ಇನ್ನೊಂದೇ ಒಂದು ನೋಡುತ್ತೇನೆ ಅನ್ನುವವರಿಗೆ ಎರಡು ಹೆಸರು ಹೇಳುತ್ತೇನೆ, ನೀವೇ ಆರಿಸಿಕೊಳ್ಳಿ. ಮನೆಗಿಂತ ಇಡೀ ಸಂಸ್ಥಾನ ಹೇಗಿತ್ತು ಅಂತ ತಿಳಿಯಬೇಕಾದರೆ ಉತ್ತರದ ಪಕ್ರೂಯಿಸ್. ಫೊನ್ ಡೆರ್ ರೋಪ್ ಮನೆತನದ್ದು. 40ಕ್ಕೂ ಜಾಸ್ತಿ ಕಟ್ಟಡ ಉಳಿದಿವೆ, ಸ್ಥಳೀಯ ಡೊಲೊಮೈಟ್ ಕಲ್ಲಿನಲ್ಲಿ ಕಟ್ಟಿದ ಐದು ಕಮಾನಿನ ಸೇತುವೆಯೂ ಸೇರಿ. ನೋಟಕ್ಕಾದರೆ ವಿಲ್ನಿಯಸ್ ಹತ್ತಿರದ ಉಝುತ್ರಾಕಿಸ್. ತಿಶ್ಕೆವಿಚ್ ಮನೆತನಕ್ಕಾಗಿ ಯೂಜೆಫ್ ಹುಸ್ ನಕ್ಷೆ ಹಾಕಿದ್ದು, ಪಾರ್ಕು ಫ್ರಾನ್ಸಿನ ಎದುವಾರ್ ಆಂದ್ರೆಯದು. ಎರಡು ಕೆರೆಗಳ ನಡುವಿನ ನೆಲದ ಮೇಲೆ ನಿಂತಿದೆ. ಜಗಲಿಯಲ್ಲಿ ನಿಂತರೆ ನೀರಿನಾಚೆ ತ್ರಾಕೈನ ಕೆಂಪು ಕೋಟೆ ಕಾಣುತ್ತದೆ.

ಪ್ಲುಂಗೆಯಲ್ಲಿ ಈಗಲೂ ಸಂಗೀತ ಕೇಳಿಸುತ್ತದಾ?

ಬೇಸಿಗೆಯಲ್ಲಿ ಮೀಕೋಲಾಸ್ ಓಗಿನ್ಸ್ಕಿಸ್ ಹೆಸರಿನ ಉತ್ಸವ ನಡೆಯುತ್ತದೆ. ಊರಿನ ಮಕ್ಕಳ ಕಲಾ ಶಾಲೆಗೂ ಅವರದೇ ಹೆಸರು. ನಾನು ಹೋದಾಗ ಉತ್ಸವ ಇರಲಿಲ್ಲ. ಕೊಳದ ಹತ್ತಿರ ಬೆಂಚಿನ ಮೇಲೆ ಕೂತಿದ್ದೆ. ಬೆನ್ನಿಗೆ ಅವಳಷ್ಟೇ ಎತ್ತರದ ವಾದ್ಯದ ಪೆಟ್ಟಿಗೆ ಕಟ್ಟಿಕೊಂಡ ಒಬ್ಬ ಹುಡುಗಿ ಎಲೆಗಳನ್ನು ಒದೆಯುತ್ತಾ ಹೋದಳು. ಹಿಂದೆ ಅವಳ ಅಜ್ಜಿ, ಕೈಯಲ್ಲಿ ಹುಡುಗಿಯ ಟೋಪಿ.